ಮುಷ್ಟಿ ಎತ್ತಿದ ಸೇನಾಪತಿ

ಪೆಟ್ರೋಲ್ ವಾಸನೆ ಬಂದ್ರೆ ಈಗ್ಲೂ ನನ್ನ ಕೈ ತಾನಾಗೇ ಜೇಬು ಹುಡುಕುತ್ತೆ.

ನನ್ನ ಸ್ಕೂಲ್ ದಿನಗಳ ಒಂದು ಮಧ್ಯಾಹ್ನ ಅತ್ತೆ ಮೊದಲ್ನೇ ಸಲ ಬೈಕ್ ಗುಂಪಿನ ಜೊತೆ ದೆಹಲಿಯ ದ್ವಾರಕಾದಿಂದ ಮಾನೇಸರ್‌ಗೆ ಹೊರಟಿದ್ರು. ಅವರದ್ದು ಕಿಕ್ ಹೊಡೆದು ಎಬ್ಬಿಸೋ ಹಳೇ ಗಾಡಿ.

"ದಾರೀಲಿ ಒಂದ್ಸಲ ಆಫ್ ಆದ್ರೂ ಹ್ಯಾಂಡಲ್ ನನ್ಗೆ ಕೊಡ್ಬೇಕು," ಅಂದಿದ್ರು ಅಪ್ಪ.

"ಆಗೋದಿಲ್ಲ ಬಿಡೋ ಅಣ್ಣ," ಅಂದಿದ್ರು ಅತ್ತೆ.

ಹೊಸಬರು ಮುಂದೆ, ಉಳಿದೋರು ಅವರ ಸ್ಪೀಡಲ್ಲೇ ಹಿಂದೆ ಬರೋದು ಗುಂಪಿನ ಪದ್ಧತಿ. ಹಾಗಾಗಿ ಅತ್ತೆ ಬೆನ್ನಿಗಂಟಿದ್ದ ನಾನೇ ಸೈನ್ಯಕ್ಕೆಲ್ಲ ಸೇನಾಪತಿ! ಖುಷಿ ತಡೀಲಾರ್ದೆ ಮುಷ್ಟಿ ಮೇಲೆತ್ತಿದೆ. ರೈಡರ್‌ಗಳಲ್ಲಿ ಅದಕ್ಕೆ 'ನಿಲ್ಸಿ' ಅಂತ ಅರ್ಥ. ಹಿಂದಿದ್ದ ಬೈಕೆಲ್ಲ ರಸ್ತೆ ಪಕ್ಕ ನಿಂತ್ಬಿಟ್ವು. ಕನ್ನಡೀಲಿ ಅದನ್ನ ನೋಡಿದ ಅತ್ತೆ ಗಾಬರೀಲಿ ಬ್ರೇಕ್ ಒತ್ತಿದ್ರು. ಗಾಡಿ ಆಫ್ ಆಯ್ತು.

ಎಷ್ಟು ಕಿಕ್ ಹೊಡೆದ್ರೂ ಪೆಟ್ರೋಲ್ ವಾಸನೆ ಬಂತೇ ಹೊರತು ಎಂಜಿನ್ ಏಳ್ಲಿಲ್ಲ. ಬೇರೆಯೋರ ಬೈಕಲ್ಲಿ ಹಿಂದೆ ಕೂತು ಬಂದಿದ್ದ ಅಪ್ಪ ಹತ್ರ ಬಂದು, "ಇಳಿಯೇ," ಅಂದ್ರು.

ಗುಂಪಿನ ಲೀಡರ್ ಸರ್ದಾರ್ ಅಂಕಲ್ ಅಡ್ಡ ಬಂದ್ರು. "ರುಕೋ ಭಾಯಿ ಸಾಬ್, ಗಾಡಿ ಉಸ್‌ಕೀ ಹೈ." ತಡೀರಿ, ಗಾಡಿ ಅವಳದ್ದು ಅಂತ ಅಷ್ಟೇ ಹೇಳಿ ತಮ್ಮ ಎಂಜಿನ್ ಆರಿಸಿದ್ರು. ಅವರ ಹಿಂದೆ ಎಲ್ರೂ ಆರಿಸಿ ಸುಮ್ನೆ ಕಾದ್ರು.

ಅತ್ತೆ ಜಾಕೆಟ್ ತೋಳು ಮೇಲೇರಿಸಿ, ಇಡೀ ಮೈಭಾರ ಹಾಕಿ ಕಿಕ್ ಹೊಡೆದ್ರು. ಎಂಜಿನ್ ಗುಡುಗಿತು.

"ಅಣ್ಣ, ನೀನು ಆ ಬೈಕಲ್ಲೇ ಹಿಂದೆ ಬಾ," ಅಂದ್ರು. ಆಮೇಲೆ ನನ್ಗೆ, "ಸೇನಾಪತಿಗಳೇ, ಎರಡೂ ಕೈ ನನ್ನ ಜಾಕೆಟ್ ಜೇಬಲ್ಲಿಡಿ."

ಹರಿಯಾಣದ ಧೂಳಿಗೆ ಮೂಗು ಎಷ್ಟೇ ತುರಿಸಿದ್ರೂ ಮಾನೇಸರ್ ತನಕ ನಾನು ಕೈ ತೆಗೀಲಿಲ್ಲ. ಅತ್ತೇನೂ ಹ್ಯಾಂಡಲ್ ಬಿಡ್ಲಿಲ್ಲ.