ಹೇಳದೆ ಉಳಿದ ಹೆಸರು

“ಹೆಸರು ಮುಚ್ಚಿಟ್ಟು ಬರೆಯೋ ಈ ವಿದ್ಯೆ ಊರಲ್ಲಿ ಗೊತ್ತಿರೋದು ನಿನಗೊಬ್ಬಳಿಗೇ. ಅಂದ್ಮೇಲೆ ಬರೆದೋಳು ನೀನೇ,” ಎಂದ ತುಯಿಲೋಮಾ, ಹೆಗಲ ಮೇಲಿನ ನಾರಿನ ಚಾಮರ ಸರಿಮಾಡಿಕೊಳ್ಳುತ್ತ.

ಸವಾಯಿ ದ್ವೀಪದ ಆ ಹಳ್ಳಿಯ ಸಭಾಮನೆಯಲ್ಲಿ ಮುಖಂಡರೆಲ್ಲ ಕಂಬಕ್ಕೊಬ್ಬರಂತೆ ಒರಗಿ ಕೂತಿದ್ದರು. ನಡುವೆ ಚಾಪೆಯ ಮೇಲೆ ಫೋನ್ ರಿಪೇರಿಯ ಮಾಕೆರೀಟಾ. ಊರವರು ಮೀನು ಹಿಡಿಯುವ ಕೊಲ್ಲಿಯನ್ನು ಗುಟ್ಟಾಗಿ ಹೋಟೆಲಿನವರಿಗೆ ಗುತ್ತಿಗೆ ಕೊಡಲಾಗುತ್ತಿದೆ ಎಂದು ಯಾರೋ ಹೆಸರಿಲ್ಲದೆ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದರು. ಕೊಡಿಸಲು ಹೊರಟ ಮಹಾನುಭಾವ ಈ ತುಯಿಲೋಮಾನೇ. ಅವನು ಊರೊಡೆಯ ಲೇಯಾನಾನ ವಕ್ತಾರ. ಒಡೆಯ ಸಭೆಯಲ್ಲಿ ಬಾಯಿ ಬಿಡುವ ಪದ್ಧತಿಯಿಲ್ಲ. ವಕ್ತಾರ ಆಡಿದ್ದೇ ಅವನ ಮಾತು. ಮುದುಕ ಲೇಯಾನಾ ಎಂದಿನಂತೆ ಚಾಪೆ ನೋಡುತ್ತ ಕೂತಿದ್ದ.

“ನಾನಲ್ಲ ಅಯ್ಯಾ.”

“ಮತ್ಯಾರು? ಪತ್ತೆ ಹಚ್ಚು.”

“ಆಗಲ್ಲ. ಬರಹ ಎಲ್ಲೆಲ್ಲೋ ಇರೋ ಮೂರು ಕಂಪ್ಯೂಟರ್ ದಾಟಿ ಹೋಗುತ್ತೆ. ಮೊದಲನೇದಕ್ಕೆ ಎಲ್ಲಿಂದ ಬಂತು ಅಂತ ಗೊತ್ತು, ಕೊನೇದಕ್ಕೆ ಎಲ್ಲಿಗೆ ಹೋಯ್ತು ಅಂತ ಗೊತ್ತು. ಎರಡೂ ಯಾವುದಕ್ಕೂ ಗೊತ್ತಿರಲ್ಲ.”

“ನಿನ್ನ ಕಂಪ್ಯೂಟರಿಗಿಂತ ನಮ್ಮೂರ ಹೆಂಗಸರೇ ವಾಸಿ ಬಿಡು. ಕೇಳದಿದ್ರೂ ಹೇಳ್ತಾರೆ.”

ಸಭೆ ನಕ್ಕಿತು. ಮಾಕೆರೀಟಾಳಿಗೆ ಅಳು ಬಂತು. ಬರೆದವರು ಯಾರೆಂದು ತೋರಿಸದ ಜಾಲ, ತಾನು ಬರೆದಿಲ್ಲವೆಂದೂ ತೋರಿಸಿಕೊಡುವುದಿಲ್ಲವಲ್ಲ, ಏನು ಮಾಡುವುದು?

“ಯಾರಿಗೆ ಕಲಿಸ್ದೆ, ಅದನ್ನಾದ್ರೂ ಹೇಳು. ಹೇಳಿದ್ರೆ ಬಿಟ್ಬಿಡ್ತೀವಿ. ಇಲ್ದಿದ್ರೆ ಊರು ಬಿಡ್ಬೇಕಾಗುತ್ತೆ.”

ಕಲಿಸಿದ್ದು ಒಬ್ಬನಿಗೇ. ಅವನು ಇದೇ ಸಭಾಮನೆಯಲ್ಲಿದ್ದ. ಹೆಸರು ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು. ಆದರೆ ತನ್ನ ಮನೆಯಂಗಳದಲ್ಲಿ ಅವ್ವನ ಗೋರಿಯಿತ್ತು; ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು? ಅವನೇ ಬಾಯಿ ಬಿಡಲಿ ಎಂದು ಕಾದಳು. ಸಭೆಗೆ ಬೇರಿನ ಪಾನಕ ಕಲಸುತ್ತಿದ್ದ ಅವಳ ತಮ್ಮ ಫೈಲಾಗಿ ಕೈಯಲ್ಲಿದ್ದ ತೆಂಗಿನ ಚಿಪ್ಪನ್ನು ಕೆಳಗೆ ಬೀಳಿಸಿದ. ಎಲ್ಲರ ಕಣ್ಣೂ ಅವನತ್ತ ಹೊರಳಿದವು.

“ನಿನ್ನ ತಮ್ಮನ್ನ ಉಳಿಸ್ಕೊಳ್ತಿದೀಯಾ?”

“ಅವನಿಗೇನೂ ಗೊತ್ತಿಲ್ಲ. ಶಿಕ್ಷೆ ನನಗೊಬ್ಬಳಿಗೇ ಕೊಡಿ ಅಯ್ಯಾ.”

ತುಯಿಲೋಮಾ ಗಂಟಲು ಸರಿಮಾಡಿಕೊಂಡ. “ಒಡೆಯರ ಅಪ್ಪಣೆ ಕೇಳಿ. ಇವಳೂ ಇವಳ ತಮ್ಮನೂ ನಾಳೆ ಈ ಊರಲ್ಲಿರಕೂಡದು.”

ತನ್ನ ಹೆಸರಲ್ಲೇ ಹೊರಬಿದ್ದ ಆ ಅಪ್ಪಣೆಯನ್ನು ಕೇಳಿಯೂ, ಅಷ್ಟೂ ಬರಹ ಬರೆದಿದ್ದ ಲೇಯಾನಾ ತಲೆಯೆತ್ತಲಿಲ್ಲ.