ಬಲಮೂಲೆಯ ಕೆಂಪು ಲೋಳೆ

ಬಕೆಟ್ಟಿನ ತಳದಲ್ಲಿ ಅನ್ನದ ಅಗುಳು ಕಂಡ ಕೂಡಲೇ ಉಪೇಂದ್ರರಿಗೆ ಕಳ್ಳನೇ ಸಿಕ್ಕಿಬಿದ್ದಷ್ಟು ಖುಷಿಯಾಯಿತು. ಒಂದಲ್ಲ, ಮೂರು ಅಗುಳು. ಮೀನಿನ ಟ್ಯಾಂಕಿನಿಂದ ಪೈಪು ಹಾಕಿ ಹೀರಿ ತೆಗೆದ ಉಪ್ಪುನೀರಿನ ಜೊತೆ, ಮೈತುಂಬ ಕೆಂಪು ಲೋಳೆ ಅಂಟಿಸಿಕೊಂಡು ಬಂದು ಬಿದ್ದಿದ್ದವು.

ಟ್ಯಾಂಕು ಮಗಳು ಸುಕೃತಿಯದು. ಎಲೆಕ್ಟ್ರಾನಿಕ್ ಸಿಟಿಯ ಏಳನೇ ಮಹಡಿಯ ಫ್ಲ್ಯಾಟಿನ ಹಾಲಿನಲ್ಲಿ ಒಂದಿಷ್ಟು ಸಮುದ್ರ: ಬಿಳಿ ಮರಳು, ನಾಲ್ಕು ಹವಳ, ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು. ಎರಡು ತಿಂಗಳಿಂದ ಆ ಮರಳಿನ ಮೇಲೆ ಸಯನೋಬ್ಯಾಕ್ಟೀರಿಯಾ ಎಂಬ ಈ ಕೆಂಪು ಲೋಳೆ ಹಬ್ಬಿ, ಈಗ ಹವಳಕ್ಕೂ ಹತ್ತತೊಡಗಿತ್ತು. ಸುಕೃತಿ ರೋಸಿಹೋಗಿ, "ಔಷಧಿ ಹಾಕೋಣ ಅಂದ್ರೆ ನೀವು ಬಿಡಲ್ಲ. ಭಾನುವಾರದೊಳಗೆ ಹೋಗ್ಲಿಲ್ಲ ಅಂದ್ರೆ ಟ್ಯಾಂಕನ್ನ ಆಫೀಸಿನ ಲೋಕೇಶ್‌ಗೆ ಕೊಟ್ಬಿಡ್ತೀನಿ," ಅಂದಿದ್ದಳು. ಕೊಟ್ಟುಬಿಟ್ಟರೆ ತನಗೆ ದಿನವಿಡೀ ಮಾಡಲು ಕೆಲಸವೇ ಇರುವುದಿಲ್ಲ ಎಂಬ ಹೆದರಿಕೆಯನ್ನು ಉಪೇಂದ್ರ ಯಾರ ಮುಂದೆಯೂ ಹೇಳಿರಲಿಲ್ಲ.

ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು ಅವರು. ಔಷಧಿ ಹಾಕಿದರೆ ಲೋಳೆ ಹೋಗುತ್ತದೆ, ಕಾರಣ ಹೋಗುವುದಿಲ್ಲ ಎಂಬುದು ಅವರ ವಾದ. ಅದಕ್ಕೇ ಮೂರು ದಿನ ದೀಪ ಆರಿಸಿ ಟ್ಯಾಂಕಿಗೆ ಕಂಬಳಿ ಹೊದಿಸಿದರು. ಮೀನಿನ ಆಹಾರ ಅರ್ಧ ಮಾಡಿದರು. ಆರ್‌ಒ ಫಿಲ್ಟರ್ ಬದಲಾಯಿಸಿ, ನೀರು ತಳ್ಳುವ ಪಂಪಿನ ಮುಖ ತಿರುಗಿಸಿದರು. ಎಲ್ಲ ಕಡೆ ಹೋಯಿತು, ಅಡುಗೆಮನೆ ಬಾಗಿಲ ಪಕ್ಕದ ಬಲಮೂಲೆಯಲ್ಲಿ ಮಾತ್ರ ಮತ್ತೆ ಮತ್ತೆ ಬಂತು. ಒಂದೇ ಮೂಲೆಯಲ್ಲಿ ಬರುವುದು ರೋಗವಲ್ಲ, ಯಾರದೋ ಕೈವಾಡ ಎಂದು ಅವರಿಗೆ ಆಗಲೇ ಗುಮಾನಿಯಿತ್ತು.

"ಸುಬ್ಬೂ, ಬಾ ಇಲ್ಲಿ. ಇದೇನಿದು?"

ಹೆಂಡತಿ ಸುಬ್ಬಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. "ಅನ್ನ."

"ಅದು ನನಗೂ ಗೊತ್ತು. ಟ್ಯಾಂಕೊಳಗೆ ಹೆಂಗೆ ಹೋಯ್ತು?"

"ನಾನೇ ಹಾಕೋದು. ದಿನಾ ಒಂಚೂರು."

"ಸಮುದ್ರದ ಮೀನಿಗೆ ಅನ್ನ ಹಾಕ್ತಾರೇನೇ? ತಿಂದು ಉಳಿದಿದ್ದು ಮೂಲೇಲಿ ಕೊಳೀತಿದೆ. ಆ ಕೊಳೆಯಿಂದಾನೇ ಈ ಲೋಳೆ ಬೆಳೆಯೋದು. ನಾನಿಲ್ಲಿ ಎರಡು ತಿಂಗಳಿಂದ ಒದ್ದಾಡ್ತಿದೀನಿ..."

"ಮೀನಿಗೆ ಹಾಕಿದ್ದಲ್ಲ ರೀ. ಅದು ಕಾಗೆ ಅನ್ನ."

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಸುಬ್ಬಲಕ್ಷ್ಮಿ ತಾನು ಉಣ್ಣುವ ಮೊದಲು ಕಾಂಪೌಂಡಿನ ಮೇಲೆ ಒಂದು ತುತ್ತು ಅನ್ನ ಇಡುತ್ತಿದ್ದರು. ಕಾಗೆ ತಿಂದ ಮೇಲೆಯೇ ಅವರ ಊಟ. ಇಲ್ಲಿಗೆ ಬಂದ ಮೇಲೆ ಪಾರಿವಾಳದ ಕಾಟಕ್ಕೆ ಬಾಲ್ಕನಿಗೆ ಬಲೆ ಹಾಕಿಸಿದ್ದರು. ಕಾಗೆ ಬರಲು ದಾರಿಯೆಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ.

"ಅಮ್ಮನ ತಿಥಿ ಅಣ್ಣಂದಿರು ಮಾಡ್ತಾರೆ," ಎಂದರು ಸುಬ್ಬಲಕ್ಷ್ಮಿ. "ಮಗಳು ನಾನು, ನನಗೆ ಅಂತ ಇದ್ದಿದ್ದು ಇದೊಂದೇ. ಇಲ್ಲಿ ಬಾಲ್ಕನೀಲಿ ಇಟ್ಟೆ, ಇರುವೆ ಬಂತು. ಒಂದಿನ ಅನ್ನ ಹಿಡ್ಕೊಂಡು ಟ್ಯಾಂಕ್ ಹತ್ರ ನಿಂತಿದ್ದೆ. ಆ ದೊಡ್ಡ ಮೀನು ಓಡಿ ಬಂದು ಬಾಯಿ ತೆರೀತು. ಅಮ್ಮ ಬಂದ್ಲಲ್ಲ ಅನ್ನಿಸ್ತು ರೀ." ಮೂಗು ಒರೆಸಿಕೊಂಡರು. "ಇನ್ಮೇಲೆ ಹಾಕಲ್ಲ ಬಿಡಿ."

ಆ ಮಧ್ಯಾಹ್ನ ಗಂಡನಿಗೆ ಬಡಿಸಿದವರು ತಾವು ಕೂರಲಿಲ್ಲ. ಹಸಿವಿಲ್ಲ ಎಂದರು. ಉಪೇಂದ್ರರಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡಿದ್ದರು, ಆ ತುತ್ತು ಯಾರಿಗೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಸಂಜೆ ಸುಕೃತಿ ಬಂದು ಬೆಳ್ಳಗಾದ ಮೂಲೆಯನ್ನು ನೋಡಿದಳು. "ಅಪ್ಪಾ! ಕಾರಣ ಸಿಕ್ತಾ?"

"ಸಿಕ್ತು. ಊಟ ಜಾಸ್ತಿ ಆಗ್ತಿತ್ತು. ಹಾಕ್ತಿದ್ದೋನು ನಾನೇ." ತಮ್ಮ ಸರ್ವೀಸಿನಲ್ಲಿ ತಪ್ಪಿನ ಎದುರು ಅವರು ತಮ್ಮ ಹೆಸರು ಹೇಳಿದ್ದು ಇದೇ ಮೊದಲು. "ಇನ್ನು ಬರಲ್ಲ. ಲೋಕೇಶ್‌ಗೆ ಬರಬೇಡ ಅಂತ ಹೇಳು."

ಅವರು ಹೇಳಿದಂತೆಯೇ ಆಯಿತು. ಭಾನುವಾರವೂ ಮರಳು ಬೆಳ್ಳಗಿತ್ತು, ಹವಳ ಅರಳಿ ನಿಂತಿತ್ತು. ಊಟದ ಹೊತ್ತಿಗೆ ಉಪೇಂದ್ರ ಕತ್ತರಿ ತಂದು ಬಾಲ್ಕನಿಯ ಬಲೆಯನ್ನು ಒಂದು ಗೇಣು ಕತ್ತರಿಸಿದರು.

"ಅಯ್ಯೋ, ಪಾರಿವಾಳ ಬರುತ್ತೆ ಅಪ್ಪಾ!" ಸುಕೃತಿ ಕೂಗಿದಳು.

"ಕಾಗೆ ಬರೋದು. ನೋಡ್ತಿರು." ಕಟ್ಟೆಯ ಮೇಲೆ ಹೆಂಡತಿಯ ಕೈಯಿಂದಲೇ ಅನ್ನ ಇಡಿಸಿ, ಬಲೆಗೆ ಬಾಯಿ ಹಚ್ಚಿ, "ಕಾ... ಕಾ..." ಎಂದು ಕರೆದರು. ಎದುರು ಬ್ಲಾಕಿನಲ್ಲಿ ಬಟ್ಟೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ಉಪೇಂದ್ರ ಇನ್ನೂ ಜೋರಾಗಿ ಕರೆದರು. ನೀರಿನ ಪೈಪಿನ ಮೇಲೆ ಕೂತಿದ್ದ ಕಾಗೆಯೊಂದು ಕತ್ತು ವಾರೆ ಮಾಡಿ ನೋಡಿ, ಹಾರಿಹೋಯಿತು.

ಅಷ್ಟರಲ್ಲಿ ಬಲೆಯ ಕಿಂಡಿಯಿಂದ ಒಂದು ಬೂದು ಪಾರಿವಾಳ ಒಳಗೆ ನುಸುಳಿ, ಅನ್ನಕ್ಕೆ ಬಾಯಿ ಹಾಕಿತು. ಉಪೇಂದ್ರ ಓಡಿಸಲೆಂದು ಪೇಪರು ಸುತ್ತಿ ಎತ್ತಿದರು. ಸುಬ್ಬಲಕ್ಷ್ಮಿ ಅವರ ಕೈ ಹಿಡಿದುಕೊಂಡರು.

"ಇರಿ ರೀ, ಯಾರು ಬಂದಿದ್ದಾರೋ ಏನೋ."