ಹೊಗೆಗೂಡಿನ ಬುಡಕ್ಕೆ ನೀಲಿ ನೀರು

ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರನ್ನು ಹೊಗೆಗೂಡಿನ ಬುಡಕ್ಕೆ ಸುರಿದು, ತಂಗಿ ಚಾವಣಿಯ ಮೇಲೆ ಕಾದು ಕುಳಿತಳು. ಅದಕ್ಕೆ ಮೊದಲು ಹೆಂಚುಗಳ ಮೇಲೆಲ್ಲ ಬರಿ ನೀರು ಸುರಿದಾಗಿತ್ತು. ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಅಮ್ಮನ ಕೋಣೆಯ ಗೋಡೆ ಮಳೆಗಾಲವಿಡೀ ಒದ್ದೆ. ಚಾವಣಿಯೇ ಕೊಳೆತಿದೆ, ಮನೆ ಕೆಡವೋಣ ಎಂದು ಅಣ್ಣ ಪಟ್ಟು ಹಿಡಿದಿದ್ದ. ಸೋರುವುದು ಹೊಗೆಗೂಡು ಹೆಂಚಿಗೆ ಸೇರುವ ಜಾಗವೊಂದೇ ಎಂದು ತಂಗಿಯ ವಾದ. ಅದು ಸಾಬೀತಾದರೆ ಮನೆ ಉಳಿದಂತೆ.

“ಏನಾದ್ರೂ ಬಂತಾ ಅಣ್ಣಾ?” ಎಂದು ಕೆಳಗೆ ಅಮ್ಮನ ಕೋಣೆಯಲ್ಲಿ ನಿಂತಿದ್ದ ಅಣ್ಣನನ್ನು ಕೂಗಿ ಕೇಳಿದಳು.

“ನನಗೆ ತಲೆನೋವು ಬಂತು! ಸುಮ್ನೆ ಇಳಿಯೇ, ಕಾಲು ಜಾರೀತು.”

“ನನ್ನ ಕಾಲಿನ ಚಿಂತೆ ಬಿಡು, ಗೋಡೆ ನೋಡು!”

“ಅವನನ್ನ ನಂಬಬೇಡ ಕಣೇ, ನಾನೂ ನೋಡ್ತಿದ್ದೀನಿ,” ಎಂದು ಅದೇ ಕೋಣೆಯಿಂದ ಅಮ್ಮ ಕೂಗಿದರು.

ತಂಗಿ ಇನ್ನೊಂದು ಚೊಂಬು ಸುರಿದಳು. ನೀರು ಎಲ್ಲಿ ಇಂಗಿತೋ ತಿಳಿಯಲಿಲ್ಲ. ಅವಳು ಬಗ್ಗಿ ಹೆಂಚಿಗೆ ಕಿವಿಯಿಟ್ಟಳು.

“ಬಂತು! ನೀಲಿ ಬಂತು ಕಣೇ!” ಅಮ್ಮನ ಕೂಗಿಗೆ ಹೆಂಚೇ ಹಾರಿಹೋಗಬೇಕು. ಮನೆ ಸೋರಿದ್ದಕ್ಕೆ ಚಪ್ಪಾಳೆ ತಟ್ಟಿದವರು ಊರಲ್ಲಿ ಅವರೊಬ್ಬರೇ ಇರಬೇಕು. ಅಣ್ಣ ಅಂಗಳಕ್ಕೆ ಓಡಿಬಂದ. ಗೋಡೆಗೆ ಮುಖವಿಟ್ಟು ನೋಡಿದ್ದನೇನೋ, ಮೂಗಿನ ತುದಿ ನೀಲಿಯಾಗಿತ್ತು. ಜಗಳಕ್ಕೇ ಬಂದನೆಂದು ತಂಗಿ ಸೆರಗು ಬಿಗಿದಳು. ಅವನೋ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.

“ಇಳಿದುಬಿಟ್ಟೀಯ! ಆ ಜಾಗಕ್ಕೆ ಬೆರಳಿಟ್ಟುಕೊಂಡೇ ಕೂತಿರು ತಾಯಿ, ಸಿಮೆಂಟ್ ತಗೊಂಡು ಈಗ ಬಂದೆ!”